ಸಂತೆಗೆ ಬಂದ ಸ್ಕೇಟ್ಸ್

"ಅವನ್ನ ಕೆಳಗಿಡ್ರಿ! ಅವು ನನ್ನವು!"

ಬೈಲಹೊಂಗಲದ ಕಲ್ಯಾಣ ಮಂಟಪದ ಅಂಗಳದಲ್ಲಿ ನಡೆದಿದ್ದ ಹಳೆ ಸ್ಕೇಟ್ಸಿನ ಸಂತೆ ಒಮ್ಮೆಲೇ ಗಪ್ಪಾಯಿತು.

ಬೇಸಿಗೆ ರಜೆಗೆ ಮೊದಲು ವರ್ಷಕ್ಕೊಂದು ಸಲ ನಡೆಯುವ ಸಂತೆ ಅದು. ಕಾಲು ಬೆಳೆದ ಮಕ್ಕಳ ಸ್ಕೇಟ್ಸ್ ತಂದು ಮಾರುವುದು, ಇಲ್ಲವೇ ದೊಡ್ಡವಕ್ಕೆ ಬದಲಾಯಿಸಿಕೊಳ್ಳುವುದು. ಊರಿನ ಹುಡುಗಿಯರಿಗೆ ಸ್ಕೇಟಿಂಗ್ ಕಲಿಸುವ ಶೀತಲ, ಶಿಷ್ಯೆಯರ ಸ್ಕೇಟ್ಸ್ ಮಾರಲೆಂದು ಬಂದಿದ್ದಳು. ತನ್ನವೇ ಅಲ್ಲಿ ಮಾರಾಟಕ್ಕೆ ಕೂತಿರುತ್ತವೆಂದು ಕನಸಿನಲ್ಲೂ ಎಣಿಸಿರಲಿಲ್ಲ!

ಅವನ್ನು ಹಿಡಿದಿದ್ದ ಎತ್ತರದ ಹುಡುಗ ಗಾಬರಿಯಾದ.

"ನಾ ಈಗಷ್ಟ ಕೊಂಡೇನ್ರಿ. ಮುಂಜಾನೆ ಯಾರೋ ಹಿರ್ಯಾರು ಮಾರಾಕ ಇಟ್ಟು ಹೋಗ್ಯಾರಂತ. ನಿಮ್ಮವು ಅನ್ನಾಕ ಗುರ್ತು ಏನೈತ್ರಿ?"

"ಗುರ್ತಾ? ಬಿಸಿ ಮಾಡಿ ನನ್ನ ಕಾಲಿನ ಅಚ್ಚಿಗೆ ಕುಂದ್ರಿಸಿದ ಬೂಟು ಅವು! ಬ್ಯಾರೆದವರು ಹಾಕ್ಕೊಂಡ್ರ ನಾಕು ಹೆಜ್ಜಿಗೆ ಗುಳ್ಳಿ ಏಳತಾವು. ನೋಡ್ರಿ ಬೇಕಾದ್ರ!"

ಕಸಿದುಕೊಂಡಳು. ಹಾಕಿಕೊಂಡು ಲೇಸು ಬಿಗಿದಳು. ಸ್ಕೂಟರಿನಲ್ಲಿ ಬಂದವಳ ತಲೆಯ ಮೇಲೆ ಹೆಲ್ಮೆಟ್ ಇದ್ದೇ ಇತ್ತು. ಎರಡು ಸುತ್ತು ಹೊಡೆದಳು ನೋಡಿ... ತಿರುವಿನಲ್ಲಿ ಎಷ್ಟು ಬಾಗಿದಳೆಂದರೆ ನಿಂತವರ ಎದೆ ಝಲ್ಲೆಂದಿತು! ಹುಡುಗ ಬಾಯಿ ತೆರೆದುಕೊಂಡೇ ನಿಂತಿದ್ದ.

ಅವಳು ಬಂದು ನಿಂತಾಗ, ಖಾಲಿ ಚೀಲವನ್ನು ಅವಳ ಕೈಗಿಟ್ಟ. "ಒಯ್ರಿ. ನಿಮ್ಮವ ಅದಾವು."

"ನಿಮ್ಮ ರೊಕ್ಕಾ?"

"ಇರ್ಲಿ ಬಿಡ್ರಿ. ಒಬ್ಬಾಕಿಗೆ ಕೊಡಾಕಂತನ ಕೊಂಡಿದ್ದೆ."

ಒಬ್ಬಾಕಿ! ಯಾರೋ ಪುಣ್ಯವಂತೆ... ಶೀತಲಳಿಗೆ ಕಾರಣವಿಲ್ಲದೆ ಹೊಟ್ಟೆಕಿಚ್ಚಾಯಿತು. ಸ್ಕೇಟ್ಸ್ ಮಾರಲಿಟ್ಟ ಆ 'ಹಿರ್ಯಾರು' ಯಾರೆಂದು ಅವಳಿಗೆ ಆಗಲೇ ಹೊಳೆದಿತ್ತು; ಆ ಕಿಚ್ಚನ್ನು ಮನೆಗೆ ಹೊತ್ತು ತಂದು ಮಾಮಾನ ಮೇಲೆ ಸುರಿದಳು.

ಮಹಾದೇವ ಮಾಮಾ, ಅವ್ವನ ಅಣ್ಣ, ಒಪ್ಪಿಕೊಂಡೇಬಿಟ್ಟ. "ಹೌದು, ನಾನ ಇಟ್ಟು ಬಂದೆ. ನಾಳೆ ಯರಗಟ್ಟಿಯವರು ಕನ್ಯಾ ನೋಡಾಕ ಬರಾಕತ್ತಾರ. ಆ ಹುಡುಗ ಫೋನ್ ಮಾಡಿ ನಿನ್ನ ಸ್ಕೇಟ್ಸ್ ವಿಚಾರ ತಗದ. ಅಂದ್ರ ಏನರ್ಥ? ಅವರಿಗೆ ಅದು ಸೇರೂದಿಲ್ಲ!"

ಹೆಣ್ಣು ನೋಡುವ ಹೊತ್ತಿನಲ್ಲಿ ಗಂಡಿನ ಕಡೆಯವರು ಕೆಮ್ಮಿದರೂ ಅದರಲ್ಲೊಂದು ತಕರಾರು ಹುಡುಕುವ ಜನ ನಾವು! ಅದರಲ್ಲಿ ಮಹಾದೇವ ಮಾಮಾ ಒಂದು ಕೈ ಮೇಲೆ.

"ಶೀತಲಾ, ಇಪ್ಪತ್ತೇಳಾತವ್ವ ನಿನಗ..." ಅವ್ವ ಗುರುಬಸವ್ವ ಕಣ್ಣೊರೆಸಿಕೊಂಡಳು.

"ಇಪ್ಪತ್ತೇಳಾದ್ರ ಕಾಲು ಬಿದ್ದು ಹೋಗತಾವೇನವ್ವಾ? ಬರಲಿ ಅವರು. ಮಾರಿ ಮ್ಯಾಲನ ಹೇಳತೇನಿ!"

ವರನ ಫೋಟೋವನ್ನು ಅವಳು ನೋಡಿರಲಿಲ್ಲ. ಹೆಸರನ್ನಂತೂ ಕಿವಿಗೇ ಹಾಕಿಕೊಂಡಿರಲಿಲ್ಲ. ಬೀಜ-ಗೊಬ್ಬರದ ಅಂಗಡಿ ಇದೆ ಎಂಬಷ್ಟೇ ಗೊತ್ತು. ನನ್ನ ಕಾಲು ಕಟ್ಟಿಹಾಕುವವನ ಹೆಸರು ಯಾತಕ್ಕೆ?

ಮರುದಿನ ಪಡಸಾಲೆಯಲ್ಲಿ ಚೂಡಾ, ಚಹಾ ಎಲ್ಲ ಸಜ್ಜಾಗಿತ್ತು. ಹುಡುಗ ಮತ್ತು ಅವನ ತಾಯಿ ರಾಜೇಶ್ವರಿ ಬಂದು ಕೂತಿದ್ದರು. "ಹುಡುಗೀನ ಕರೀರಿ" ಎಂದದ್ದೇ ತಡ, ಒಳಗಿನಿಂದ ಗರ್ರ್ ಎಂದು ಸದ್ದು!

ಇಳಕಲ್ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಕಾಲಿಗೆ ಸ್ಕೇಟ್ಸ್ ಹಾಕಿಕೊಂಡು, ಶೀತಲ ಫರ್ಸಿ ಕಲ್ಲಿನ ನೆಲದ ಮೇಲೆ ಉರುಳುತ್ತ ಬಂದು ನಿಂತಳು. ಗುರುಬಸವ್ವನ ಕೈಯಲ್ಲಿದ್ದ ತಟ್ಟೆ ಜಾರಿತು.

ಶೀತಲ ತಲೆಯೆತ್ತಿದಳು. ಎದುರಿಗೆ... ನಿನ್ನೆಯ ಅದೇ ಹುಡುಗ!

ಇವನೇನಾ? ರಾತ್ರಿಯಿಡೀ ನೆನೆಸಿಕೊಂಡ ಆ ಒಳ್ಳೆಯತನವೆಲ್ಲ ಬರೀ ನಾಟಕವೇ?

"ನಿನ್ನೆ ಕೊಟ್ಟು, ಇವತ್ತ ಕಸಗೊಳ್ಳಾಕ ಬಂದ್ರೇನ್ರಿ?" ದನಿ ತಗ್ಗಲಿಲ್ಲ. "ಕೇಳ್ರಿ. ಲಗ್ನ ಬಿಟ್ಟೇನು, ಇದನ್ನ ಬಿಡೂದಿಲ್ಲ!"

"ಬಿಡ್ರಿ ಅಂತ ನಾ ಯಾವಾಗ ಅಂದೆ?" ಅವನು ದಿಗಿಲುಗೊಂಡ. "ಬರಿಗೈಲೆ ಬರಬಾರದು, ನಿಮಗೊಂದು ಜೋಡಿ ತರೂಣಂತ ನಿಮ್ಮ ಮಾಮಾರಿಗೆ ಕಾಲಿನ ಅಳತಿ ಕೇಳಿದೆ. ಅಷ್ಟ!"

ಎಲ್ಲರ ಕಣ್ಣೂ ಮಾಮಾನತ್ತ ತಿರುಗಿದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಮಾ ಹೆಗಲ ಮೇಲಿನ ಟಾವೆಲ್ ಸರಿಪಡಿಸಿಕೊಂಡ.

"ಕೇಳಿದ್ದು ಖರೆ... ಐದು ನಂಬರ ಅಂತನೂ ಹೇಳಿದೆ. ಹುಡುಗಿ ಓಡ್ಯಾಡಿ ಓಡ್ಯಾಡಿ ಕಾಲು ದೊಡ್ಡವಾಗ್ಯಾವೇನು ಅಂತ ಚುಚ್ಚಿ ಮಾತಾಡಾಕತ್ತಾನ ಅನಕೊಂಡೆ!"

ಹಾಗಾದರೆ ಆ ಒಬ್ಬಾಕಿ... ನಾನೇ! ಶೀತಲಳ ಕಣ್ಣು ತುಂಬಿ ಬಂದವು.

"ನಿನ್ನೆ ನಾನಂತ ಗೊತ್ತಿತ್ತಾ ನಿಮಗ?"

"ಎರಡನೇ ಸುತ್ತಿಗೆ ಗುರ್ತು ಹಿಡದೆ. ಫೋಟೋ ನೋಡಿದ್ನಲ್ಲಾ."

"ಮತ್ತ ಹೇಳಬಾರದಾಗಿತ್ತಾ?"

"ಹೇಳಿದ್ರ ಇವತ್ತ ಮುಲಾಜಿಗೆ ಬಿದ್ದು ಹೂಂ ಅಂತಿದ್ರಿ. ನನಗ ಅಂಥಾ ಹೂಂ ಬ್ಯಾಡ. ಮನಸಿಲ್ಲಂದ್ರ ನಿನ್ನೆ ಒದರಿದಂಗ ಒದರಿ ಒಲ್ಲೆ ಅನ್ರಿ. ನಾ ಬ್ಯಾಸರಾ ಮಾಡ್ಕೊಂಡೇನು... ಸಿಟ್ಟಾಗೂದಿಲ್ಲ."

ರಾಜೇಶ್ವರಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

"ಆತು, ಊರಿಗೆ ಹೋಗಿ ವಿಚಾರ ಮಾಡಿ ಒಪ್ಪಿಗಿ ತಿಳಸ್ರಿ," ಎಂದು ಮಾಮಾ ಮಾನ ಉಳಿಸಿಕೊಳ್ಳಲು ನೋಡಿದ. ಪದ್ಧತಿಯೇ ಹಾಗೆ. ಒಪ್ಪಿಗೆ ಬರಬೇಕಾದದ್ದು ಗಂಡಿನ ಮನೆಯಿಂದ. ಹೆಣ್ಣಿನ ಮನೆಯವರು ಫೋನ್ ನೋಡುತ್ತ ಕಾಯಬೇಕು.

"ಕಾಯೂದಿಲ್ಲ ಮಾಮಾ," ಎಂದಳು ಶೀತಲ. "ಮೊದಲ ನಮ್ಮ ಕಡೆಯಿಂದ ಹೇಳು. ಹುಡುಗಿಗೆ ಹುಡುಗ ಪಸಂದ."

"ಏ ಹುಡುಗಿ!" ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಶೀತಲ ಅವನ ಹತ್ತಿರಕ್ಕೆ ಸರಿದಳು. "ನಿಮ್ಮ ಹೆಸರೇನ್ರಿ?"

ಅವನು ಜೋರಾಗಿ ನಕ್ಕ. "ಪಸಂದ ಮಾಡಿ ಹೆಸರು ಕೇಳತೀರಿ? ಶ್ರೀಶೈಲ."

"ಶ್ರೀಶೈಲ..."

"ಆಗೂ ಗಂಡನ ಹೆಸರು ಹಿಡದು ಕರೀಬಾರದವ್ವಾ!" ಗುರುಬಸವ್ವ ಕಂಗಾಲಾದಳು.

"ಕರೀಲಿ ಬಿಡ್ರಿ ಅತ್ತಿ," ಎಂದ ಅವನು, ಕಣ್ಣು ಶೀತಲಳಿಂದ ಕೀಳದೆ. "ಇನ್ನೊಮ್ಮೆ ಕರೀರಿ..."

ಅವಳು ಕರೆದಳು, ಓಣಿಗೆಲ್ಲ ಕೇಳುವ ಹಾಗೆ.