ಯಾರನ್ನು ಕೇಳಬೇಕು ಎಂಬ ಫೈಲು

ಸೇತುವೆಯವನ ಲ್ಯಾಪ್‌ಟಾಪನ್ನು ನೋಡಿದ ಕೂಡಲೇ ಅವಳಿಗೆ ಅದರ ಮೇಲೂ ಅದರ ಒಡೆಯನ ಮೇಲೂ ಏಕಕಾಲಕ್ಕೆ ತಾತ್ಸಾರ ಹುಟ್ಟಿತು.

ಕಚೇರಿಯ ನೆಲಮಹಡಿಯ ಹಿಂದಿನ ಕೋಣೆಯಲ್ಲಿ, ಗುಂಯ್‌ಗುಡುವ ಸರ್ವರ್‌ಗಳ ಪಕ್ಕ ಕೂತು ಇಡೀ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುವುದು ಅವಳ ಕೆಲಸ. ಸಂಬಳ ಅದಕ್ಕೆ, ತಾತ್ಸಾರ ಉಚಿತ. ಎದುರಿಗೆ ಎಲ್ಲರೂ ‘ಮೇಡಂ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಮೂಗುಮುರಿ’. ಅದು ಅವಳಿಗೆ ಗೊತ್ತಿತ್ತು. ಹೆಸರಿಟ್ಟವರ ಕಲ್ಪನಾಶಕ್ತಿ ಇಷ್ಟೇನಾ ಎಂದು ಅದಕ್ಕೂ ಮೂಗು ಮುರಿದಾಗಿತ್ತು.

“ಇಂಟರ್‌ನೆಟ್ ಬರ್ತಿಲ್ಲ ಮೇಡಂ,” ಎಂದ ಅವನು. ಹಳೇ ಸೇತುವೆಗಳನ್ನು ಪರೀಕ್ಷಿಸಲು ಹೆಡ್ ಆಫೀಸಿನಿಂದ ಬಂದವನು. ಶೂಗಳ ತುಂಬ ಹೊಳೆಯ ಕೆಸರು. ಕಿವಿಯ ಹಿಂದೆ ಪೆನ್ಸಿಲ್ಲು.

“ಇಂಟರ್‌ನೆಟ್ ಬರಲ್ಲ ಸಾರ್. ನಾವೇ ಅದರ ಹತ್ರ ಹೋಗ್ಬೇಕು. ಕೊಡಿ ಇಲ್ಲಿ.”

ತಿಳಿದವರು ಮಾತ್ರ ಇಟ್ಟುಕೊಳ್ಳುವ ಯುನಿಕ್ಸ್ ಯಂತ್ರ. ಪರವಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವಳು ಆ ಪುಟ್ಟ ಫೈಲನ್ನು ತೆರೆದು ನೋಡಿದಳು. ನಾವು ಟೈಪ್ ಮಾಡುವ ಪ್ರತಿ ಹೆಸರಿಗೂ ನಂಬರಿನ ವಿಳಾಸ ಯಾವುದು ಎಂದು ಲ್ಯಾಪ್‌ಟಾಪು ಯಾರನ್ನಾದರೂ ಕೇಳಲೇಬೇಕು. ಯಾರನ್ನು ಕೇಳಬೇಕು ಎನ್ನುವುದು ಆ ಫೈಲಿನಲ್ಲಿರುತ್ತದೆ. ಊರು ಬದಲಾದಂತೆ, ವೈಫೈ ಬದಲಾದಂತೆ, ಅದೂ ಬದಲಾಗಬೇಕು. ಈ ಮಹಾನುಭಾವ ಅದರಲ್ಲಿ ತನ್ನ ಹೆಡ್ ಆಫೀಸಿನ ಒಳಗಿನ ಯಂತ್ರದ ವಿಳಾಸ ಬರೆದು, ಯಾರೂ ಅಳಿಸದಂತೆ ಫೈಲಿಗೆ ಬೀಗ ಜಡಿದಿದ್ದ.

“ಯಾಕೆ ಸಾರ್ ಈ ಬೀಗ?”

“ಹೋದ್ಹೋದ ಕಡೆ ವೈಫೈ ಅದನ್ನ ಬದಲಾಯಿಸಿಬಿಡ್ತಿತ್ತು. ಆಮೇಲೆ ಹೆಡ್ ಆಫೀಸಿನ ಒಳಕ್ಕೆ ದಾರಿ ಮಾಡೋ ವಿಪಿಎನ್ ಇನ್ನೊಂದು ಸಲ ಬದಲಾಯಿಸ್ತಿತ್ತು. ಇಬ್ಬರ ಜಗಳ ನೋಡೋಕಾಗ್ದೆ…”

“ವಿಪಿಎನ್ ಇಲ್ದೆ ಈ ವಿಳಾಸ ಸಿಗಲ್ಲ. ವಿಪಿಎನ್ ಶುರುವಾಗೋಕೆ ಅದರ ಹೆಸರಿನ ವಿಳಾಸ ಬೇಕು. ಅದನ್ನ ಹೇಳೋರು ಯಾರು? ಹೆಡ್ ಆಫೀಸಿನ ಒಳಗಿರೋ ಅದೇ ಯಂತ್ರ. ಮನೆ ಬೀಗದಕೈನ ಮನೆಯೊಳಗೇ ಇಟ್ಟು ಬೀಗ ಹಾಕ್ಕೊಂಡು ಬಂದಿದ್ದೀರಿ.” ಅವಳು ಮೂಗು ಮುರಿದಳು. “ವಿಳಾಸಕ್ಕೇ ಗತಿಯಿಲ್ಲ, ಯುನಿಕ್ಸ್ ಬೇರೆ. ಏನು ವಿಲಾಸ!”

ಸಾಮಾನ್ಯವಾಗಿ ಈ ಹಂತಕ್ಕೆ ಜನ ಕೆಂಪಗಾಗುತ್ತಿದ್ದರು. ಇವನು ನಕ್ಕ. ನಗುವಾಗ ಕಿವಿಯ ಹಿಂದಿನ ಪೆನ್ಸಿಲ್ಲು ಜಾರಿ ಕೀಬೋರ್ಡಿನ ಮೇಲೆ ಬಿತ್ತು. ಎತ್ತಿಕೊಳ್ಳಲು ಅವನು ಬಾಗಿದ, ತಳ್ಳಿಬಿಡಲು ಇವಳು ಬೆರಳು ಚಾಚಿದಳು. ಎರಡು ಕೈಯೂ ಅಲ್ಲೇ ಕೊಂಚ ಹೊತ್ತು ಏನು ಮಾಡಬೇಕೆಂದು ತೋಚದೆ ನಿಂತವು.

ಇದಕ್ಕೆ ನಿಜವಾದ ಮದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆಸರು ಬಿಡಿಸಿ ವಿಳಾಸ ಹೇಳುವ ಪುಟ್ಟ ಪ್ರೋಗ್ರಾಂ ಒಂದನ್ನು ಲ್ಯಾಪ್‌ಟಾಪಿನೊಳಗೇ ಕೂರಿಸಿ, ‘ಏನಿದ್ದರೂ ನಿನ್ನನ್ನೇ ನೀನು ಕೇಳಿಕೋ’ ಎಂದು ಫೈಲಿನಲ್ಲಿ ಬರೆದರೆ ಮುಗಿಯಿತು. ಹೋದಲ್ಲೆಲ್ಲ ಅಲ್ಲಲ್ಲಿಯ ವೈಫೈ ಹೇಳಿದ್ದನ್ನು ಅದು ಕೇಳಿಸಿಕೊಳ್ಳುತ್ತದೆ. ಹೆಡ್ ಆಫೀಸಿನ ಹೆಸರುಗಳನ್ನು ಮಾತ್ರ ವಿಪಿಎನ್ ದಾರಿಗೆ ಬಿಡುತ್ತದೆ. ಒಂದು ಕಪ್ ಕಾಫಿ ಆರುವುದರೊಳಗಿನ ಕೆಲಸ.

ಅವಳು ಅದನ್ನು ಮಾಡಲಿಲ್ಲ. ಬೀಗ ತೆಗೆದಳು, ತನ್ನ ಕಚೇರಿಯ ಯಂತ್ರದ ವಿಳಾಸ ಬರೆದಳು, ಮತ್ತೆ ಬೀಗ ಹಾಕಿದಳು.

“ಇಲ್ಲಿ ನಡೆಯುತ್ತೆ,” ಎಂದಳು.

“ಬೇರೆ ಕಡೆ?”

“ಬೇರೆ ಕಡೆ ಕೆಟ್ಟರೆ ಬನ್ನಿ.”

ಬೇರೆ ಕಡೆ ಕೆಡದೆ ಇನ್ನೇನಾದೀತು? ಗೆಸ್ಟ್‌ಹೌಸಿನಲ್ಲಿ ಕೆಟ್ಟಿತು. ಅವನು ಬಂದ. ಅವಳು ಬೈದು, ಗೆಸ್ಟ್‌ಹೌಸಿನ ರೌಟರಿನ ವಿಳಾಸ ಬರೆದು ಬೀಗ ಹಾಕಿದಳು. ಅದರಿಂದ ಕಚೇರಿಯಲ್ಲಿ ಕೆಟ್ಟಿತು. ಅವನು ಮತ್ತೆ ಬಂದ. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಲ್ಯಾಪ್‌ಟಾಪನ್ನು ಜ್ವರ ಬಂದ ಮಗುವಿನ ಹಾಗೆ ಎದೆಗೊತ್ತಿ ಹಿಡಿದು, “ಮೇಡಂ, ಮತ್ತೆ ಹಟ ಮಾಡ್ತಿದೆ” ಅನ್ನುತ್ತಿದ್ದ.

“ಯಜಮಾನರ ಗುಣ ಸಾರ್.”

“ನಾನಾದ್ರೆ ಹೇಳಿದ ಮಾತು ಕೇಳ್ತೀನಿ ಮೇಡಂ.”

“ಯಾರು ಹೇಳಿದ ಮಾತು?”

“ಯಾರು ಬೈತಾರೋ ಅವರದ್ದು.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಪರದೆಯ ಕಪ್ಪು ಅಂಚಿನಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ.

ಅರೆಬರೆ ಕೆಲಸ ಮಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. “ಆಫ್ ಮಾಡಿ ಆನ್ ಮಾಡಿದ್ರಾ?” ಎಂದು ಮೂಗಿನಲ್ಲಿ ರಾಗ ಎಳೆಯುವ ಮ್ಯಾನೇಜರನ್ನು ಅವಳು ಅಣಕಿಸಿದರೆ ಕ್ಯಾಂಟೀನಿನಲ್ಲಿ ಜನ ಚಮಚ ಕೆಳಗಿಟ್ಟು ನಗುತ್ತಿದ್ದರು. ಅಂಥವಳು ಈಗ ದಿನಾ ಅರೆಬರೆ ಕೆಲಸ ಮಾಡಿ, ನೀಟಾಗಿ ಬೀಗ ಹಾಕಿ ಕಳಿಸುತ್ತಿದ್ದಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಕೇಳಿದವಳು ಚಿಕ್ಕಮ್ಮ. ನಿವೃತ್ತ ಮೇಷ್ಟ್ರಮ್ಮ, ಇಬ್ಬರದೂ ಒಂದೇ ಮನೆ, ಒಂದೇ ನಾಲಿಗೆ.

“ಇವತ್ತೇನಂತೆ ನಿನ್ನ ಸೇತುವೆ?” ಎಂದಳು, ಒಗೆದ ಬಟ್ಟೆ ಮಡಚುತ್ತ.

“ನನ್ನ ಸೇತುವೆ ಅಂತೆ! ಆ ಮನುಷ್ಯ ಒಂದು ಫೈಲ್ ನೆಟ್ಟಗೆ ಇಟ್ಕೊಳ್ಳಲ್ಲ ಚಿಕ್ಕಮ್ಮ. ಒದ್ದೆ ಶೂ. ಶರ್ಟಿನ ಗುಂಡಿ ಒಂದಕ್ಕೊಂದು ಸೇರಲ್ಲ. ನಗೋದು ನೋಡ್ಬೇಕು, ಹೀಗೆ.” ಅವಳು ತಲೆ ಓರೆ ಮಾಡಿ ಅವನ ಹಾಗೇ ನಕ್ಕು ತೋರಿಸಿದಳು.

ಚಿಕ್ಕಮ್ಮ ಟವೆಲು ಮಡಚುವುದನ್ನು ನಿಲ್ಲಿಸಿದಳು. “ಮ್ಯಾನೇಜರನ್ನ ಅಣಕಿಸುವಾಗ ಅವನೇ ಎದುರಿಗೆ ಬಂದ ಹಾಗಿರುತ್ತೆ, ನಂಗೆ ಹೊಡೀಬೇಕು ಅನ್ಸುತ್ತೆ. ಇವನನ್ನ ಅಣಕಿಸಿದ್ರೆ ನೀನೇ ಚೆಂದ ಕಾಣ್ತೀಯ ಕಣೇ. ಇಷ್ಟು ಅಕ್ಕರೆಯಿಂದ ಬೈದಿದ್ದನ್ನ ನಾನು ಕೇಳೇ ಇಲ್ಲ.”

“ಅಕ್ಕರೆಯಂತೆ, ಸಕ್ಕರೆಯಂತೆ! ಕೆಲಸ ಇಲ್ವಾ ನಿಂಗೆ?”

“ನಂಗೆ ನಿವೃತ್ತಿ. ಅವನಿಗೆ ಇಲ್ಲಿ ಇನ್ನೆಷ್ಟು ಸೇತುವೆ ಉಳಿದಿದೆ?”

ಉಳಿದಿದ್ದುದು ಒಂದೇ. ಆ ರಾತ್ರಿ ಊಟ ಅವಳಿಗೆ ರುಚಿಸಲಿಲ್ಲ. ಉಪ್ಪು ಕಮ್ಮಿ ಎಂದು ಚಿಕ್ಕಮ್ಮನ ಮೇಲೆ ರೇಗಿದಳು.

ಆ ಉಳಿದ ಸೇತುವೆಗೆ ಅವನು ಹೋದ ದಿನ ಮಧ್ಯಾಹ್ನ, ಮ್ಯಾನೇಜರು ಅವಳ ಕೋಣೆಗೆ ತಲೆ ಹಾಕಿದ.

“ಮೇಡಂ, ನಿಮ್ಮ ಸೇತುವೆ ಸಾಹೇಬ್ರು ಫೋನ್ ಮಾಡಿದ್ರು. ಕಂಬದಲ್ಲಿ ದೊಡ್ಡ ಬಿರುಕಂತೆ, ತಕ್ಷಣ ಗಾಡಿ ನಿಲ್ಲಿಸ್ಬೇಕಂತೆ. ಲ್ಯಾಪ್‌ಟಾಪಿಂದ ರಿಪೋರ್ಟೇ ಹೋಗ್ತಿಲ್ವಂತೆ. ಹೆಡ್ ಆಫೀಸಿಗೆ ಫೋನ್ ಮಾಡಿದ್ರೆ ‘ಸಿಸ್ಟಂನಲ್ಲಿ ಬಂದ್ರೇನೇ ಇಲ್ಲಿಂದ ಸೇತುವೆಯ ಕೆಂಪು ದೀಪ ಹಾಕ್ತೀವಿ’ ಅಂದ್ರಂತೆ. ಅಷ್ಟರಲ್ಲಿ ಫೋನ್ ಕಟ್ಟಾಯ್ತು. ಆಫ್ ಮಾಡಿ ಆನ್ ಮಾಡಿದ್ರಾ ಅಂತ ಕೇಳೋಣ ಅಂದ್ರೆ…”

ಅವಳು ಆಗಲೇ ಎದ್ದಾಗಿತ್ತು. ನಿನ್ನೆ ಸಂಜೆ ಆ ಫೈಲಿನಲ್ಲಿ ಅವಳು ಬರೆದಿದ್ದು ಈ ಕಚೇರಿಯ ವಿಳಾಸ. ಹೊಳೆಯ ಮೇಲೆ, ಮೊಬೈಲಿನ ಹಾಟ್‌ಸ್ಪಾಟಿನಲ್ಲಿ, ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಹಾಟ್‌ಸ್ಪಾಟು ತನ್ನದನ್ನು ಬರೆಯೋಣವೆಂದರೆ ಬೀಗ. ಅವಳು ಹಾಕಿದ ಬೀಗ.

ಅವನ ನಂಬರಿಗೆ ಫೋನ್ ಹತ್ತಲಿಲ್ಲ. ಅವಳು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಜನ ಗೊಣಗುತ್ತಿದ್ದರು. “ಯಾವನೋ ಹುಚ್ಚ ಸೇತುವೆಗೆ ಕಾರು ಅಡ್ಡ ಹಾಕಿ ನಿಂತಿದ್ದಾನಂತೆ,” ಎಂದ ಕಂಡಕ್ಟರು. “ಲಾರಿಯವರು ಎತ್ತಿ ಹೊಳೆಗೆ ಹಾಕ್ತಾರೆ ಇವತ್ತು.”

“ಹುಚ್ಚ ಅಲ್ಲ, ಇಂಜಿನಿಯರು,” ಎಂದಳು ಅವಳು.

“ಎರಡೂ ಒಂದೇ ಬಿಡಿ ಅಕ್ಕ.”

ಬೇರೆ ದಿನವಾಗಿದ್ದರೆ ಅವಳು ಒಪ್ಪುತ್ತಿದ್ದಳು. ಇವತ್ತು ಕಂಡಕ್ಟರನ್ನು ನೋಡಿದ ನೋಟಕ್ಕೆ ಅವನು ಚಿಲ್ಲರೆಯನ್ನು ಎರಡು ಸಲ ಕೊಟ್ಟ. ಲ್ಯಾಪ್‌ಟಾಪು ಕೆಡಲಿ ಎಂದು ಬೀಗ ಹಾಕಿದವಳು, ಬಿರುಕುಬಿಟ್ಟ ಕಂಬದ ಮೇಲೆ ಬಸ್ಸು ಹೋಗುವುದನ್ನು ಯೋಚಿಸಿರಲಿಲ್ಲ. ತನ್ನಂಥ ದಡ್ಡಿಯನ್ನು ತಾನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ ಎನ್ನಿಸಿತು. ಇಷ್ಟು ವರ್ಷ ಊರೆಲ್ಲ ಹಂಚಿದ ತಾತ್ಸಾರದಲ್ಲಿ ತನಗೊಂದು ಪಾಲು ಇಟ್ಟುಕೊಂಡಿರಲಿಲ್ಲ. ಈಗ ಬಡ್ಡಿಸಮೇತ ಬಂತು.

ಬಸ್ಸು ಕೆಳಗಿನ ಹೊಸ ಸೇತುವೆಯ ಮೇಲಿಂದ ಸುತ್ತಿಬಂದು ಅವಳನ್ನು ಆಚೆ ದಡದಲ್ಲಿ ಇಳಿಸಿತು. ಅವಳು ಓಡಿದಳು. ಸೇತುವೆಯ ಬಾಯಲ್ಲಿ ಕಾರು ಅಡ್ಡ ನಿಂತಿತ್ತು. ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು. ಸೇತುವೆಯ ಮೇಲ್ಗಡೆ ಕೆಂಪು ದೀಪ ಉರಿಯುತ್ತಿತ್ತು. ಲಾರಿಗಳು ಬೈಯುತ್ತ ಹಿಂದಕ್ಕೆ ತಿರುಗುತ್ತಿದ್ದವು. ಅವನು ಎರಡೂ ಕೈ ಎತ್ತಿ ಅವಕ್ಕೆ ದಾರಿ ತೋರಿಸುತ್ತಿದ್ದ. ಕೂಗಿ ಕೂಗಿ ದನಿ ಒಡೆದಿತ್ತು, ಶರ್ಟಿನ ಗುಂಡಿ ಎಂದಿನಂತೆ ತಪ್ಪಿತ್ತು.

“ದೀಪ… ರಿಪೋರ್ಟ್ ಹೋಯ್ತಾ?” ಎಂದು ಏದುಸಿರು ಬಿಟ್ಟಳು.

“ಆಗಲೇ ಹೋಯ್ತು. ವಿಪಿಎನ್ನೂ ಹಾಟ್‌ಸ್ಪಾಟೂ ಫೈಲಿಗಾಗಿ ಕಿತ್ತಾಡ್ತಿದ್ವು. ಒಂದು ಅಳಿಸಿದ ಹಾಗೆಲ್ಲ ನಾನು ಕೈಯಲ್ಲಿ ಬರೀತಾ ಕೂತೆ. ಅಂತೂ ಹೋಯ್ತು. ಫೋನಿನ ಚಾರ್ಜು ಮುಗೀತು.”

“ಬರೆದ್ರಾ? ಬೀಗ ಇತ್ತಲ್ಲ?”

“ತೆಗೆದೆ.”

“ನಿಮಗೆ ತೆಗೆಯೋಕೆ ಬರುತ್ತಾ?”

“ಮೊದಲು ಹಾಕಿದ್ದೇ ನಾನು ಮೇಡಂ.”

ಹೌದಲ್ಲ. ಹಾಕಿದವನಿಗೆ ತೆಗೆಯುವುದು ಗೊತ್ತಿರುತ್ತದೆ ಎಂಬ ಇಷ್ಟು ಸರಳ ವಿಷಯ, ಇಡೀ ಕಟ್ಟಡದ ಬುದ್ಧಿ ಅಳೆದವಳಿಗೆ ಹೊಳೆದಿರಲಿಲ್ಲ.

“ಹಾಗಾದ್ರೆ ಇಷ್ಟು ದಿನ ಯಾಕ್ರೀ ಹೊತ್ಕೊಂಡು ಬರ್ತಿದ್ರಿ?”

ಅವನು ಹೇಳಿದ: “ನೀವು ಪ್ರತಿ ಸಲ ವಾಪಸ್ ಬೀಗ ಹಾಕೋದು ನೋಡಿದೆ. ತಿಳಿದವರು, ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಕಾರಣ ಏನಿರಬಹುದು ಅಂತ ಯೋಚನೆ ಮಾಡ್ತಾ ಮಾಡ್ತಾ ರಾತ್ರಿ ನಿದ್ದೆ ಬರ್ತಿರಲಿಲ್ಲ. ನಾನು ಅಂದ್ಕೊಂಡ ಕಾರಣ ಸುಳ್ಳಾಗಿದ್ರೆ ಅಂತ ಕೇಳೋಕೆ ಭಯ.”

ಹೊಳೆಯ ಗಾಳಿಗೆ ಅವಳ ಕೂದಲು ಬಾಯಿಗೆ ಬಂತು. ತೆಗೆಯಲಿಲ್ಲ.

“ಬೇಕಂತಲೇ ಹಾಕ್ತಿದ್ದೆ,” ಎಂದಳು. “ನೀವು ಅಂದ್ಕೊಂಡ ಕಾರಣಕ್ಕೇ. ಇಂಥ ಅಸಡ್ಡಾಳ ಕೆಲಸ ಬೇರೆ ಯಾರಾದ್ರೂ ಮಾಡಿದ್ರೆ ನಾನು ಮುಖಕ್ಕೆ ಉಗೀತಿದ್ದೆ.”

“ಉಗೀಬೇಡಿ. ಗಾಳಿ ನನ್ನ ಕಡೆ ಬೀಸ್ತಿದೆ.”

ನಗು ಬಂದೇಬಿಟ್ಟಿತು. ಅದನ್ನು ಮುಚ್ಚಲು ಅವಳು ಬಾನೆಟ್ಟಿಗೆ ಬಾಗಿ ಕೀಬೋರ್ಡು ಎಳೆದುಕೊಂಡಳು. ಕಾರಿನಿಂದ ಅವನ ಫೋನಿಗೆ ಚಾರ್ಜು ಕೊಟ್ಟು ಹಾಟ್‌ಸ್ಪಾಟು ಹಚ್ಚಿಸಿದಳು. ಹೆಸರು ಬಿಡಿಸುವ ಪ್ರೋಗ್ರಾಮನ್ನು ಒಳಗೆ ಕೂರಿಸಿದಳು. ವೈಫೈಗೂ ವಿಪಿಎನ್ನಿಗೂ, ಫೈಲನ್ನು ಮುಟ್ಟಬೇಡಿ, ಹೇಳುವುದನ್ನು ಈ ಪ್ರೋಗ್ರಾಮಿಗೇ ಹೇಳಿ ಎಂದು ತಾಕೀತು ಮಾಡಿದಳು. ಅವನು ಪಕ್ಕದಲ್ಲಿ ನಿಂತು ತನ್ನ ಮೈಯನ್ನೇ ಅಡ್ಡ ಮಾಡಿ ಪರದೆಗೆ ನೆರಳು ಹಿಡಿದ. ವೈಫೈ ಬಿಡಿಸಿ, ಸೇರಿಸಿ, ವಿಪಿಎನ್ ಏರಿಸಿ, ಇಳಿಸಿ ನೋಡಿದಳು. ಒಂದು ಹೆಸರೂ ತಪ್ಪಲಿಲ್ಲ.

“ಆಯ್ತು. ಇನ್ನು ಯಾವ ಊರಿಗೆ ಹೋದ್ರೂ ನಡೆಯುತ್ತೆ. ನನ್ನ ಹತ್ರ ತರೋ ಅಗತ್ಯ ಇಲ್ಲ.” ಕೊನೆಯ ಮಾತು ಹೇಳುತ್ತ ಲ್ಯಾಪ್‌ಟಾಪು ಮುಚ್ಚಿದಳು, ಕೈಯನ್ನು ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

“ಸೋಮವಾರ ಮುಂದಿನ ಊರು,” ಎಂದ ಅವನು. “ಇದೇ ಹೊಳೆಯ ಮೇಲಿನ ಸೇತುವೆಗಳು, ದೂರ ಇಲ್ಲ. ಶನಿವಾರ ಶನಿವಾರ ಬರಬಹುದು. ಏನು ಕೆಟ್ಟಿದೆ ಅಂತ ಹೇಳ್ಕೊಂಡು ಬರ್ಲಿ?”

“ನೆಪ ಹೇಳೋರನ್ನ ಕಂಡ್ರೆ ನಂಗಾಗಲ್ಲ. ಏನೂ ಕೆಡದೆ ಬರೋಕೆ ಬರಲ್ವಾ ನಿಮಗೆ?”

ಅವನು ಕಾರಿನ ಬಾಗಿಲು ತೆಗೆದ. ಆಮೇಲೆ ಅನುಮಾನಿಸಿದ. “ಬಿಡ್ತೀನಿ ಬನ್ನಿ. ಆದ್ರೆ ನಿಮ್ಮನೆ ಆಚೆ ದಡದಲ್ಲಿ, ಸೇತುವೆ ನಾನೇ ಮುಚ್ಚಿಸಿದ್ದೀನಿ. ಕೆಳಗಿನ ಹೊಸದರ ಮೇಲೆ ಇವತ್ತು ಬಸ್ಸು ಮಾತ್ರ ಬಿಡ್ತಿದ್ದಾರೆ. ಕಾರಿಗೆ ಮೇಲಿನ ದಾರಿ, ಅರ್ಧ ಬೆಟ್ಟ ಸುತ್ತಬೇಕು. ಬಸ್ಸಾದ್ರೆ ಬೇಗ ಹೋಗುತ್ತೆ.”

ನಿಧಾನಕ್ಕೆ ಗಾಡಿ ಓಡಿಸುವವರನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ. ಅವಳು ಹತ್ತಿ ಕೂತು, ಸೀಟಿನ ಮೇಲಿದ್ದ, ಕೆಸರು ಮೆತ್ತಿದ ಅವನ ಕೆಲಸದ ಹೆಲ್ಮೆಟ್ಟನ್ನು ಮಡಿಲಿಗೆ ಎತ್ತಿಕೊಂಡು, ಬೆಲ್ಟು ಎಳೆದುಕೊಂಡಳು.

“ಬೆಟ್ಟ ಪೂರ್ತಿ ಸುತ್ತು,” ಎಂದಳು. “ನಿಧಾನಕ್ಕೇ ಓಡಿಸು.”