ದೀಪಸ್ತಂಭದ ಹಿಂದೆ

ಕಡಲಾಚೆಯ ಲೂಕನ್ ಪಟ್ಟಣದ ಶಾಲೆಯ ಕಾರ್ ಪಾರ್ಕಿನಲ್ಲಿ ವನಜಾಳ ಕಾರಿಗೆ ಅಡ್ಡವಾಗಿ ಒಂದು ದೀಪಸ್ತಂಭ ಮಲಗಿತ್ತು. ಪ್ಲೈವುಡ್ಡಿನದು, ಎರಡಾಳೆತ್ತರದ್ದು. ಅದಕ್ಕೆ ಚಕ್ರ ಜೋಡಿಸುತ್ತಿದ್ದವನನ್ನು ಶಾಲೆಯ ಕೆಲಸದವನೆಂದುಕೊಂಡ ಅವಳು, ಆಸ್ಪತ್ರೆಗೆ ತಡವಾಗುತ್ತಿದೆ, ಬೇಗ ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಗದರಿದಳು. ಆಮೇಲೆ ತನ್ನಷ್ಟಕ್ಕೆ, "ಬ್ಯಾಂಡ್ ಬಾರಿಸೋಕೆ ಇದೆಲ್ಲ ಯಾಕೆ ಬೇಕೋ!" ಎಂದು ಗೊಣಗಿದಳು.

"ಈಗೆಲ್ಲ ಬರೀ ಬಾರಿಸಿದ್ರೆ ಸಾಲಲ್ಲ ಮೇಡಂ," ಎಂದ ಆತ, ಅಚ್ಚ ಮೈಸೂರು ಕನ್ನಡದಲ್ಲಿ. "ಹೋದ್ವರ್ಷ ಬ್ಯಾಂಡ್ ಸ್ಪರ್ಧೇಲಿ ಗೆದ್ದ ಶಾಲೆಯವರು ಮೈದಾನಕ್ಕೆ ಹಡಗನ್ನೇ ತಂದಿದ್ರು."

ವನಜಾಳ ಕಿವಿ ಕೆಂಪಾಯಿತು. ಆತ ತಲೆಯೆತ್ತಿ ನಕ್ಕ.

ಹೆಸರು ಭಾಸ್ಕರ. ಸಾಫ್ಟ್‌ವೇರ್ ಕೆಲಸ; ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗಳು ತೇಜು ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಳು. ವನಜಾಳ ಮಗಳು ತನ್ವಿ ಕ್ಲಾರಿನೆಟ್ ಊದುತ್ತಿದ್ದಳು.

ಮುಂದಿನ ಶನಿವಾರ ಸಾರಿ ಹೇಳಲು ಹೋದ ವನಜಾ ದೀಪಸ್ತಂಭಕ್ಕೆ ಬಣ್ಣ ಬಳಿಯಲು ಬ್ರಷ್ ಹಿಡಿದಳು. ಆಮೇಲೆ ಶನಿವಾರಗಳಿಗೆ ಕಾಯತೊಡಗಿದಳು.

"ಡಾಕ್ಟ್ರೇ, ಕೆನ್ನೆ ಮೇಲೆ ಪೇಂಟು."

"ಎಲ್ಲಿ?"

"ಇಲ್ಲಿ... ಅಲ್ಲ, ಆ ಕಡೆ." ತನ್ನ ಕೆನ್ನೆಯ ಮೇಲೇ ತೋರಿಸಿದನೇ ಹೊರತು ಆತ ಮುಟ್ಟಲಿಲ್ಲ. ಮುಟ್ಟಿದ್ದರೆ ಎಂದುಕೊಂಡ ತನ್ನ ಮನಸ್ಸಿಗೆ ಅವಳೇ ಬೆಚ್ಚಿದಳು.

ಗಂಡ ಸಂಪತ್ ತನ್ನಿಂದ ಬೇರೆಯಾಗಿ ಬೆಂಗಳೂರಿನಲ್ಲಿರುವುದನ್ನು ಭಾಸ್ಕರನಿಗೆ ಹೇಳಿದ್ದಳು. ಸಂಪತ್ ಫೋನಿನಲ್ಲಿ ಅತ್ತು, ಇನ್ನೊಂದು ಸಲ ಕೂಡಿ ಬಾಳೋಣ ಎಂದದ್ದನ್ನು, ತಾನು ಹೂಂ ಎಂದದ್ದನ್ನು ಹೇಳಿರಲಿಲ್ಲ. ತನ್ವಿ ಅಪ್ಪನ ದಾರಿ ಕಾಯುತ್ತಿದ್ದಳು.

ಸ್ಪರ್ಧೆಯ ದಿನ ಗಾಳಿ ಜೋರಾಗಿತ್ತು. ಕಪ್ಪು ಬಟ್ಟೆ ತೊಟ್ಟು ದೀಪಸ್ತಂಭವನ್ನು ಹಿಂದಿನಿಂದ ತಳ್ಳುವುದು ಅವರಿಬ್ಬರ ಪಾಲಿಗೆ ಬಂದಿತ್ತು. ಮುಂದೆ ಮಕ್ಕಳು, ತುಂಬಿದ ಸ್ಟೇಡಿಯಂ. ಹಲಗೆಗೆ ಹೆಗಲು ಕೊಟ್ಟು ನಿಂತ ಇವರು ಯಾರಿಗೂ ಕಾಣುತ್ತಿರಲಿಲ್ಲ.

"ವನಜಾ," ಎಂದ ಆತ. ಡಾಕ್ಟ್ರೇ ಎನ್ನಲಿಲ್ಲ. "ನಿಮ್ಮ ಜೊತೆ ಬಾಳಬೇಕು ಅನ್ಸುತ್ತೆ ನಂಗೆ."

"ಮುಂದಿನ ವಾರ ಸಂಪತ್ ಬರ್ತಿದಾರೆ."

"ತನ್ವೀನ ನೋಡೋಕಾ?"

"ಇಲ್ಲೇ ಇರೋಕೆ. ನಿಮ್ಮನ್ನ ನೋಡೋಕ್ಕೆ ಮುಂಚೆನೇ ಮಾತು ಕೊಟ್ಟುಬಿಟ್ಟಿದ್ದೆ."

ಡ್ರಮ್ಮುಗಳು ಏರಿದವು. ಆತ ಇನ್ನಷ್ಟು ಹತ್ತಿರ ಬಾಗಿದ. "ನಿಮ್ಮ ಮನಸ್ಸು?"

"ನಿಮ್ಮ ಮೇಲೆ ಮನಸ್ಸಿಲ್ಲ ಅಂದ್ರೆ ಸುಳ್ಳಾಗುತ್ತೆ, ಭಾಸ್ಕರ್. ಆದ್ರೆ ಆ ಮಗು ಮುಖ ನೋಡಿ ಈಗ ಬೇಡ ಅನ್ನೋ ಶಕ್ತಿ ನಂಗಿಲ್ಲ."

ಸ್ತಂಭ ತಿರುಗಿಸುವ ಹೊತ್ತಾಯಿತು. ಇಬ್ಬರೂ ಸೇರಿ ತಳ್ಳಿದರು. ಚಪ್ಪಾಳೆ ಮೊಳಗಿತು. ಹಲಗೆಯ ಮೇಲಿದ್ದ ಅವಳ ಕೈಯನ್ನು ಆತನ ಕೈ ಮುಚ್ಚಿತು. ಸಂಗೀತ ನಿಲ್ಲುವವರೆಗೂ ಅಲ್ಲೇ ಇತ್ತು.

ಆಮೇಲೆ ಹಲಗೆಗಳನ್ನು ಬಿಚ್ಚಿ ವ್ಯಾನಿಗೆ ತುಂಬಿದರು.

"ಸಂಪತ್ ಅವರಿಗೊಂದು ಒಳ್ಳೆ ಜಾಕೆಟ್ ಕೊಡಿಸಿ," ಎಂದ ಭಾಸ್ಕರ, ಅವಳ ಮುಖ ನೋಡದೆ. "ಹೊಸಬರಿಗೆ ಇಲ್ಲಿನ ಗಾಳಿ ತಡಿಯೋಕಾಗಲ್ಲ."

ಅವಳು ತಲೆಯಾಡಿಸಿದಳು. ಆತ ಹತ್ತಿದ ವ್ಯಾನು ಗೇಟು ದಾಟುವವರೆಗೂ ನಿಂತು, ಕಾರಿಗೆ ಬಂದಳು.

"ಅಮ್ಮಾ, ಆರ್ ಯೂ ಓಕೆ?" ಎಂದಳು ತನ್ವಿ.

"ಗ್ರ್ಯಾಂಡ್ ಕಣೆ," ಎಂದಳು ವನಜಾ, ಅಲ್ಲಿಯವರು 'ಚೆನ್ನಾಗಿದ್ದೀನಿ' ಎನ್ನುವ ಹಾಗೆ. ಮಗಳು ಅವಳ ತೋಳಿಗೆ ತಲೆ ಆನಿಸಿದಳು. ಅಷ್ಟು ಸಾಕಾಯಿತು, ವನಜಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು.