ಹಾಡಿನೊಳಗಿನ ಖಾಲಿ ಜಾಗ

"ಇದಕ್ಕೆ ಕೊನೆಯ ಸ್ಥಾನ. ರಾಗ ಪರವಾಗಿಲ್ಲ. ಆದರೆ ನಡುವೆ ಒಂದು ನಿಮಿಷ ಖಾಲಿ ಬಿಟ್ಟಿದ್ದಾರೆ. ಹಾಡುವವಳು ಎದ್ದು ಹೋಗಿ ನೀರು ಕುಡಿದು ಬಂದಳೋ ಏನೋ."

ತಾನು ಹಾಕಿದ್ದ ಹಾಡಿಗೆ ಗರಗಸ ಬರೆದ ಈ ತೀರ್ಪನ್ನು ಓದಿ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಅವರ ಗುಂಪಿನ ಪದ್ಧತಿ ಹೀಗಿತ್ತು. ಪ್ರತಿ ಭಾನುವಾರ ಒಬ್ಬೊಬ್ಬರೂ ತಾವು ಹೊಸದಾಗಿ ಕಂಡುಕೊಂಡ ಒಂದು ಹಾಡನ್ನು ಫೋನಿನ ಗುಂಪಿಗೆ ಹಾಕಬೇಕು. ಹೆಸರು ಮಾಡಿದವರ ಹಾಡು ಕೂಡದು. ವಾರವಿಡೀ ಎಲ್ಲವನ್ನೂ ಕೇಳಿ, ಯಾವುದು ಮೊದಲು, ಯಾವುದು ಕೊನೆ ಎಂದು ಶನಿವಾರ ಬರೆಯಬೇಕು. ಕೂಡಿಸಿ ತೀರ್ಪು ಹೇಳುವವರು, ಗುಂಪಿನವರೆಲ್ಲ ದೊಡ್ಡಮ್ಮ ಎನ್ನುವ ಹಿರಿಯಾಕೆ. ಟೆಲಿಫೋನ್ ಆಫೀಸಿನಿಂದ ನಿವೃತ್ತರಾದ ಮೇಲೆ, ಊರವರ ಮಾತಿಗೆ ಕಿವಿಗೊಡುವ ಚಟವನ್ನು ಹಾಡಿನ ಕಡೆಗೆ ತಿರುಗಿಸಿಕೊಂಡವರು ಅವರು. ಅಲ್ಲಿ ಯಾರಿಗೂ ಯಾರ ಹೆಸರೂ ಬೇಕಿರಲಿಲ್ಲ. ಅಡ್ಡಹೆಸರಿಡುವ ಹಕ್ಕು ದೊಡ್ಡಮ್ಮನದು. ಬಡಗಿಯೊಬ್ಬ ಮರವನ್ನು ಕೊಯ್ದಂತೆಯೇ ಹಾಡನ್ನೂ ಕೊಯ್ಯುತ್ತಿದ್ದುದರಿಂದ ಗರಗಸನಾದ. ಇವಳು ಯಾವ ಹಾಡನ್ನೂ ಬಯ್ಯಲಾರದೆ ಎಲ್ಲವನ್ನೂ ಹೊಗಳುತ್ತಿದ್ದುದರಿಂದ ಬೆಣ್ಣೆಯಾದಳು.

ಆ ಹಾಡಿನ ಜೀವವಿದ್ದದ್ದೇ ಅವನು ಖಾಲಿ ಎಂದ ಆ ನಿಮಿಷದಲ್ಲಿ. ಹಾಡುವವಳು ಸುಮ್ಮನಾಗುತ್ತಾಳೆ. ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಆಗ ಬೆರಳ ತುದಿಯಷ್ಟು ಚಿಕ್ಕ ಗಂಟೆಗಳು ಒಂದರ ಹಿಂದೆ ಒಂದು ನುಡಿಯುತ್ತವೆ, ಕೂದಲೆಳೆಯಷ್ಟು ತೆಳುವಾಗಿ. ಅದನ್ನು ಕೇಳಿ ಅವಳು ಬಸ್ಸಿನಲ್ಲಿ ಅತ್ತಿದ್ದಳು.

ಗುಂಪಿನಲ್ಲಿ ಜಗಳ ಬೇಡವೆಂದು ಅವನಿಗೊಬ್ಬನಿಗೇ ಬರೆದಳು. "ನೀವು ಹಾಡು ಕೇಳಿದಿರೋ, ನಿದ್ದೆ ಹೋದಿರೋ?"

"ನಿದ್ದೆ ಹೋಗಿದ್ದರೆ ಮೊದಲ ಸ್ಥಾನ ಕೊಡ್ತಿದ್ದೆ ಬೆಣ್ಣೆಯವರೇ. ನಿದ್ದೆ ಬರಿಸೋ ಹಾಡು ಸಿಗೋದು ಸುಲಭ ಅಲ್ಲ."

"ಬೆಣ್ಣೆಗೂ ಕೋಪ ಬರುತ್ತೆ."

"ಬರಲಿ. ಕಾಯದೆ ತುಪ್ಪ ಆದೀತಾ?"

ಕೋಪದಲ್ಲಿಯೇ ನಕ್ಕುಬಿಟ್ಟಳು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ತಲೆಯೆತ್ತಿ ನೋಡಿದರು. ಅಣ್ಣನ ಮನೆಯಲ್ಲಿ ಅವಳ ಮುಖ ಓದುವವರು ಅವರೊಬ್ಬರೇ.

ಅಂದಿನಿಂದ ಮಾತು ಬೆಳೆಯಿತು. ಬರಹ ಹೋಗಿ ದನಿ ಬಂತು. ಅವನ ದನಿ ಆಗತಾನೆ ಹೆರೆದ ಹಲಗೆಯಂತೆ ನುಣುಪು, ಆದರೆ ಅಲ್ಲೊಂದು ಇಲ್ಲೊಂದು ಚಕ್ಕೆ. ಬಾಗಿಲು, ಕಿಟಕಿಯ ಚೌಕಟ್ಟು ಮಾಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲ. ಹಾಡೇ ಅವನ ಬಳಗ. "ದಿನಕ್ಕೊಂದು ಹೊಸ ಹಾಡು ಸಿಗದಿದ್ದರೆ ಮನೆಗೆ ಹೋಗೋಕೆ ಮನಸ್ಸೇ ಬರಲ್ಲ ಕಣ್ರೀ" ಎಂದು ಒಮ್ಮೆ ಹೇಳಿದ್ದ. ಆ ಮಾತನ್ನು ಅವಳು ಎತ್ತಿಟ್ಟುಕೊಂಡಳು.

ಅವಳ ಕೆಲಸ ಕಿವಿ ಪರೀಕ್ಷೆ. ಆಸ್ಪತ್ರೆಯ ತುದಿಯ ಕೋಣೆಗೆ ದಿನವೂ ಜನ ಬರುತ್ತಾರೆ. ಹೆಚ್ಚಿನವರನ್ನು ಮನೆಯವರು ಎಳೆದುಕೊಂಡೇ ಬರಬೇಕು.

"ನನಗೆಲ್ಲ ಕೇಳುತ್ತಮ್ಮ. ಇವಳೇ ಮೆತ್ತಗೆ ಮಾತಾಡ್ತಾಳೆ" ಎನ್ನುವರು ಗಂಡಂದಿರು.

"ನಾನು ಮೆತ್ತಗೆ ಮಾತಾಡಿದ್ದು ಮದುವೆಯಾದ ಮೊದಲ ವಾರ ಮಾತ್ರ" ಎಂದಳು ಒಬ್ಬಾಕೆ.

ಕಿವಿ ಹೋಗುತ್ತಿರುವುದು ಕಿವಿಗೆ ತಿಳಿಯುವುದಿಲ್ಲ. ಕೊಡುವಾಗ ಕೇಳಿ ಕೊಡದ ದೇವರು, ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಹೇಳಿ ತೆಗೆದುಕೊಳ್ಳುವುದಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗರಗಸನ ವಿಷಯದಲ್ಲಿ ತಿಂಗಳುಗಟ್ಟಲೆ ಹೊಳೆಯಲಿಲ್ಲ. ಮನಸ್ಸು ಸೋತ ಕಡೆ ವಿದ್ಯೆಯೂ ಕಣ್ಣು ಮುಚ್ಚುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಅವಳೇ ಹಟ ಹಿಡಿದಳು. "ಆ ಗಂಟೆ ಹಾಡನ್ನ ಇಬ್ಬರೂ ಒಟ್ಟಿಗೆ ಕೇಳೋಣ. ಆಗಲೂ ಕೊನೆಯ ಸ್ಥಾನ ಅಂದರೆ ನಾನು ಸೋತೆ."

ಫೋನಿನಲ್ಲಿ ಮಾತು ನಿಲ್ಲಿಸದೆ, ಒಂದು ಎರಡು ಮೂರು ಎಣಿಸಿ, ಇಬ್ಬರೂ ತಮ್ಮ ತಮ್ಮ ಕಡೆ ಹಾಡು ಹಚ್ಚಿದರು. ಹಾಡುವವಳು ಸುಮ್ಮನಾದಳು.

"ಈಗ ಕೇಳಿ" ಎಂದಳು ಅವಳು ಪಿಸುಮಾತಿನಲ್ಲಿ.

ಗಂಟೆಗಳು ನುಡಿದವು. ಒಂದು. ಇನ್ನೊಂದು. ಕಿವಿಯ ಒಳಗೆ ಬೆಳಕು ಸುರಿದಂತೆ.

"ಹೂಂ, ಕಾಯ್ತಿದೀನಿ" ಎಂದ ಅವನು. "ಯಾವಾಗ ಬರುತ್ತೆ?"

ಅವನು ಸುಳ್ಳು ಹೇಳುವವನಲ್ಲ. ಗೆಲ್ಲಲೆಂದು ಆಡಿದ ಮಾತೂ ಅದಲ್ಲ. ಮಗು ಬಾಗಿಲಲ್ಲಿ ನಿಂತು ದಾರಿ ನೋಡುವಂತೆ ಅವನು ನಿಜವಾಗಿ ಕಾಯುತ್ತಿದ್ದ, ಗಂಟೆಗಳು ಅವನ ಸುತ್ತಲೂ ನುಡಿಯುತ್ತಲೇ ಇದ್ದವು. ಯಂತ್ರದ ಗದ್ದಲದಲ್ಲಿ ದುಡಿಯುವವರಿಗೆ ಮೊದಲು ಹೋಗುವುದು ಈ ತೆಳು ದನಿಗಳೇ. ಇಂಥ ಎಷ್ಟೋ ಮಂದಿಯನ್ನು ಅವಳು ಕಂಡಿದ್ದಳು. ಹೋದದ್ದು ಮರಳುವುದಿಲ್ಲ. ಹೀಗೇ ಬಿಟ್ಟರೆ ನಾಳೆ ಮಾತಿನ ಅಂಚುಗಳೂ ಹೋಗುತ್ತವೆ.

"ಯಾಕ್ರೀ ಮಾತೇ ಇಲ್ಲ?"

"ಏನಿಲ್ಲ. ನಾನು ಸೋತೆ."

"ಇಷ್ಟು ಬೇಗ ಸೋತರೆ ಗೆದ್ದ ಖುಷಿಯೇ ಇರಲ್ಲವಲ್ಲ!"

ಅವಳು ಹೇಳಲಿಲ್ಲ. ನಾಳೆ ಹೇಳೋಣವೆಂದುಕೊಂಡಳು, ನಾಳೆಯೂ ಹಾಗೆಯೇ ಕಳೆಯಿತು. ಬದಲಿಗೆ ಒಂದು ಮೋಸಕ್ಕೆ ಇಳಿದಳು. ಹೊಸ ಹಾಡುಗಳನ್ನು ಹುಡುಕುವಾಗ ಅವನ ಕಿವಿಯಿಂದ ಹುಡುಕತೊಡಗಿದಳು. ಮಂದ್ರದ ದನಿ, ದಪ್ಪ ತಂತಿ, ಎದೆಯೊಳಗಿಂದ ಏಳುವ ಗಂಡು ಕೊರಳು. ತೆಳುವಾದದ್ದು ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ಸರಿಸಿದಳು.

"ಈ ವಾರ ಬೆಣ್ಣೆಗೆ ಮೊದಲ ಸ್ಥಾನ!" ಎಂದು ಗರಗಸ ಬರೆದ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ.

ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಏನೇ ಬೆಣ್ಣೆ, ವಾರವಾರವೂ ಡಬ್ಬದೊಳಗೆ ಕೂತು ಗೊಣಗೋರನ್ನೇ ಹುಡುಕಿಕೊಂಡು ಬರ್ತೀಯ? ಆ ಗರಗಸನ ತಲೆ ಕೆಟ್ಟಿದೆ ಸರಿ, ನಿನಗೇನಾಯ್ತು?"

ಅವನು ಮಾತ್ರ ಆ ಬದಲಾವಣೆಯನ್ನು ತನ್ನ ರೀತಿಯಲ್ಲಿ ಓದಿಕೊಂಡ. ದನಿ ತಗ್ಗಿಸಿ ಕಳಿಸಿದ ಸಂದೇಶದಲ್ಲಿ, "ನೀವು ನನಗೋಸ್ಕರ ಹುಡುಕ್ತಿದೀರಿ ಅಂತ ನನಗೆ ಗೊತ್ತಾಯ್ತು. ಒಂದು ಸಲ ಅಂಗಡಿಗೆ ಬನ್ನಿ. ಈ ಹಾಡುಗಳಿಗೆ ತೀರ್ಪು ಕೊಡೋ ನ್ಯಾಯಾಲಯ ನೋಡಿಕೊಂಡು ಹೋಗಿ" ಎಂದ. ಆಮೇಲೆ ಸೇರಿಸಿದ, "ನ್ಯಾಯಾಧೀಶರನ್ನೂ."

ಅವಳು ಅಡುಗೆಮನೆಗೆ ಹೋಗಿ ಅತ್ತಿಗೆಯ ಬೆನ್ನಿಗೆ ಹಣೆ ಆನಿಸಿ ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತಿಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಹೇಳಿದರೆ ಮನುಷ್ಯ ಹೋಗಬಹುದು. ಹೇಳದಿದ್ದರೆ ಕಿವಿ ಹೋಗೇ ಹೋಗುತ್ತೆ. ನೀನು ಓದಿದವಳು, ನೀನೇ ಯೋಚನೆ ಮಾಡು."

"ಅವರಿಗಿರೋದು ಅದೊಂದೇ ಅತ್ತಿಗೆ. ಅದನ್ನ ನಾನು ಹೇಗೆ ಕಿತ್ತುಕೊಳ್ಳಲಿ?"

"ಕಿತ್ತುಕೊಂಡವಳು ನೀನಲ್ಲವಲ್ಲ. ನೀನು ನೋಡಿದವಳು ಅಷ್ಟೆ. ನೋಡಿದವರ ಸಂಕಟ ದೇವರಿಗೂ ತಪ್ಪಲಿಲ್ಲ, ಹೋಗು."

ಅಂಗಡಿಯ ಬಾಗಿಲಿಗೆ ಬಂದಾಗ ಗರಗಸದ ಯಂತ್ರ ಕಿರುಚುತ್ತಿತ್ತು. ಅದರ ಮೇಲೆ, ಕಂಬಕ್ಕೆ ತೂಗುಹಾಕಿದ ಸ್ಪೀಕರ್‌ನಲ್ಲಿ ಅವಳು ಆ ವಾರ ಹಾಕಿದ್ದ ಹಾಡು ಯಂತ್ರವನ್ನೂ ಮೀರಿ ಕೂಗುತ್ತಿತ್ತು. ಅವನು ಅವಳನ್ನು ಕಂಡು ಎರಡನ್ನೂ ನಿಲ್ಲಿಸಿದ. ಹುಬ್ಬಿನ ಮೇಲೆಲ್ಲ ಮರದ ಪುಡಿ. ಒರೆಸಿಕೊಳ್ಳಲು ಕೈಯೆತ್ತಿದ, ಕೈಯಲ್ಲೂ ಪುಡಿಯೇ ಇತ್ತು.

"ಬೆಣ್ಣೆ?"

"ಗರಗಸ?"

"ಇಷ್ಟು ತೆಳ್ಳಗಿದೀರಲ್ಲ! ಯಾರಾದರೂ ಆಗಲೇ ಕಾಯಿಸಿಬಿಟ್ಟರಾ?"

ಅವಳು ತಲೆ ತಗ್ಗಿಸಿದಳು. ತಗ್ಗಿಸಿದರೂ ಅವನು ನೋಡುತ್ತಿರುವುದು ತಿಳಿಯಿತು, ಹಲಗೆಯ ಎಳೆ ಯಾವ ಕಡೆಗೆ ಓಡುತ್ತದೆಂದು ನೋಡುವ ಹಾಗೆ, ಅವಸರವಿಲ್ಲದೆ. ಅವಳೂ ಒಮ್ಮೆ ಕಣ್ಣೆತ್ತಿದಳು. ಅವನ ಕಿವಿಯ ತುದಿ ಕೆಂಪಾಗಿತ್ತು.

ತಪ್ಪಿಸಿಕೊಂಡ ಅವಳ ದೃಷ್ಟಿ ಗೋಡೆಗೆ ಹೋಯಿತು. ಅಲ್ಲಿ ಮೊಳೆಗೆ, ಗದ್ದಲ ತಡೆಯಲು ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಳಗಳ ಜೊತೆಯೊಂದು ನೇತಾಡುತ್ತಿತ್ತು, ಧೂಳು ಹಿಡಿದು.

"ಇದು ಯಾರದು?"

"ನಂದೇ. ಹಾಕ್ಕೋ ಅಂತ ಯಜಮಾನರು ಬೈತಾರೆ. ಹಾಕ್ಕೊಂಡರೆ ಹಾಡು ಹೇಗೆ ಕೇಳಲಿ? ಗುಂಪಿಗೆ ಸೇರಿದ ದಿನ ತೆಗೆದಿಟ್ಟೆ." ನಕ್ಕ. "ನೀವು ಹಾಕಿದ ಹಾಡನ್ನಂತೂ ಒಂದು ಅಕ್ಷರ ಬಿಡದೆ ಕೇಳೋಕೆ ಸ್ಪೀಕರನ್ನೇ ದೊಡ್ಡದು ಮಾಡಿಸಿದೆ."

ಕೊಯ್ದಿಟ್ಟ ಹಲಗೆಗಳ ಮೇಲೆ ಕುಳಿತುಬಿಟ್ಟಳು. ಪ್ರೀತಿಯಿಂದ ಹುಡುಕಿ ಹುಡುಕಿ ಕಳಿಸಿದ್ದೆಲ್ಲ ಇಲ್ಲಿಗೆ ಬಂದು ಏನು ಮಾಡಿತೆಂದು ನೋಡಿದಳು. ಇನ್ನು ಸುಮ್ಮನಿರುವ ಹಕ್ಕು ಅವಳಿಗೆ ಉಳಿದಿರಲಿಲ್ಲ. ಹೇಳಿದಳು. ಗಂಟೆಗಳ ವಿಷಯ, ಖಾಲಿ ಎಂದ ನಿಮಿಷದ ವಿಷಯ, ತನ್ನ ಕೆಲಸದಲ್ಲಿ ಕಂಡದ್ದು, ಎಲ್ಲವನ್ನೂ.

ಅವನು ಮೊದಲು ನಗಲು ನೋಡಿದ. ಆಮೇಲೆ ಕೇಳಿದ, "ಯಾವಾಗಿಂದ ಗೊತ್ತು?"

"ಆ ಭಾನುವಾರದಿಂದ."

"ಹಾಗಾದರೆ ಆಮೇಲೆ ಹಾಕಿದ ಹಾಡುಗಳು..." ಅವನು ನಿಲ್ಲಿಸಿದ. "ನಾನು ಬೇರೆ ಏನೋ ಅಂದುಕೊಂಡೆ. ಅದು ಕರುಣೆನಾ?"

ಉತ್ತರಕ್ಕೆ ಅವನು ಕಾಯಲಿಲ್ಲ. ಮೊಳೆಯಿಂದ ಮುಚ್ಚಳಗಳನ್ನು ತೆಗೆದು ಧೂಳು ಕೊಡವಿ ಕಿವಿಗೆ ಹಾಕಿಕೊಂಡ. ಯಂತ್ರ ಹಚ್ಚಿದ. ಅವಳು ಎದ್ದು, ಬಾಗಿಲಲ್ಲಿ ನಿಂತು ಉತ್ತರ ಹೇಳಿದಳು. ಕೂಗಿ ಹೇಳಿದಳು. ಅವನು ಒಮ್ಮೆ ಕಣ್ಣೆತ್ತಿ ಅವಳ ಬಾಯನ್ನು ನೋಡಿ, ಮತ್ತೆ ಮರದ ಕಡೆಗೆ ಬಾಗಿದ.

ಆ ಶನಿವಾರ ಅವನ ತೀರ್ಪು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. "ಗರಗಸಕ್ಕೆ ತುಕ್ಕು ಹಿಡೀತೇನ್ರೋ?" ಎಂದು ದೊಡ್ಡಮ್ಮ ಕೇಳಿದರು. ಅವಳು ಪ್ರಾರ್ಥನೆಗೆ ಕುಳಿತರೆ ಏನನ್ನು ಬೇಡಬೇಕೆಂದೇ ತಿಳಿಯುತ್ತಿರಲಿಲ್ಲ. ಕಿವಿಯನ್ನು ಬೇಡಿದರೆ ಆಗದ ಮಾತು, ಅವನನ್ನು ಬೇಡಿದರೆ ಸ್ವಾರ್ಥ. ಸುಮ್ಮನೆ ಕೈಮುಗಿದು ಏಳುತ್ತಿದ್ದಳು.

ಒಂದು ಬೆಳಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ, ಡಾಕ್ಟರ ಚೀಟಿ ಹಿಡಿದು, ತಲೆ ಬಾಚಿಕೊಂಡು ಅವನು ಕುಳಿತಿದ್ದ.

ಮೆತ್ತೆ ಹೊದಿಸಿದ ಆ ಪುಟ್ಟ ಕೋಣೆಯಲ್ಲಿ ಕುರ್ಚಿ ತೋರಿಸಿ ಅವಳು ಎಂದಳು, "ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ."

"ಯಾಕೆ, ಮುಖ ನೋಡಬಾರದಾ?"

"ನನ್ನ ಕೈ ಆಡಿದ್ದು ಕಂಡರೆ ಕೇಳಿಸದಿದ್ದರೂ ಗುಂಡಿ ಒತ್ತುತ್ತೀರಿ. ಎಲ್ಲರೂ ಹಾಗೇ ಮೋಸ ಮಾಡ್ತಾರೆ."

"ಕೈ ಯಾರು ನೋಡ್ತಾರೆ ಬಿಡಿ" ಎಂದು ಅವನು ಗೋಡೆಗೆ ತಿರುಗಿದ.

ಅವನ ಕಿವಿಗೆ ಹೆಡ್‌ಫೋನ್ ಇಟ್ಟಳು. ದನಿ ಕೇಳಿಸಿದಾಗ ಒತ್ತಲು ಕೈಗೆ ಗುಂಡಿ ಕೊಟ್ಟು, ಬಾಗಿಲು ಮುಚ್ಚಿ, ಗಾಜಿನ ಈಚೆ ಬಂದು ಕುಳಿತಳು. ಅವನು ಒತ್ತಿದಾಗಲೆಲ್ಲ ಅವಳ ಮೇಜಿನ ಮೇಲೆ ಪುಟ್ಟ ದೀಪ ಹೊತ್ತಿಕೊಳ್ಳಬೇಕು. ದಪ್ಪ ದನಿಗಳಿಗೆ ತಡವಿಲ್ಲದೆ ಹೊತ್ತಿತು. ದನಿ ತೆಳುವಾಗುತ್ತ ಹೋದಂತೆ ತಡವಾಯಿತು. ಆಮೇಲೆ ಹೊತ್ತಲಿಲ್ಲ. ಅವಳು ಜೋರು ಮಾಡಿದಳು. ಇಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಅವನು ಕಾಯುತ್ತಿದ್ದ. ಕೊಡಬೇಕಾದದ್ದನ್ನೆಲ್ಲ ಕೊಡುತ್ತಿದ್ದಳು, ಒಂದೂ ಅವನನ್ನು ಮುಟ್ಟುತ್ತಿರಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಅವಳು ಯಂತ್ರದಿಂದ ಕೈ ತೆಗೆದಳು.

ಆಗ ದೀಪ ಹೊತ್ತಿತು.

ಅವಳು ಮೈಕಿನಲ್ಲಿ, "ಈಗ ನಾನೇನೂ ಕಳಿಸಲಿಲ್ಲ" ಎಂದಳು.

"ಗೊತ್ತು" ಎಂದ ಅವನು, ಗೋಡೆಯನ್ನೇ ನೋಡುತ್ತ. "ಇದ್ದೀರೋ ಇಲ್ಲವೋ ಅಂತ ನೋಡಿದೆ. ಅವತ್ತು ಬಾಗಿಲಲ್ಲಿ ನಿಂತು ಏನೋ ಹೇಳಿದಿರಿ. ನನಗೆ ಕೇಳಿಸಲಿಲ್ಲ. ಅದನ್ನ ಕೇಳೋಕೇ ಬಂದೆ. ಮಿಕ್ಕಿದ್ದೆಲ್ಲ, ಈ ಚೀಟಿಯೂ, ನೆಪ."

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ದನಿಯನ್ನು ಮಂದ್ರಕ್ಕೆ ಎಷ್ಟು ಇಳಿಸಬಹುದೋ ಅಷ್ಟು ಇಳಿಸಿದಳು, ಅವನಿಗೆ ತಲುಪುವ ಜಾಗಕ್ಕೆ.

"ಕರುಣೆ ಅಲ್ಲ ಅಂದೆ. ನಿಮ್ಮ ಮೇಲೆ ಮನಸ್ಸಾಗಿದೆ ಅಂದೆ. ನಿಮಗೆ ಕೇಳಿಸದ್ದನ್ನೆಲ್ಲ ಪಕ್ಕದಲ್ಲಿ ಕೂತು ಹೇಳ್ತೀನಿ, ನನಗೆ ಹೇಳೋಕೆ ಬಂದಷ್ಟು, ಅಂದೆ."

ದೀಪ ಹೊತ್ತಿತು. ಬಹಳ ಹೊತ್ತು ಆರಲಿಲ್ಲ.

ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಮುಂದಿನ ದನಿಯನ್ನು ಕಳಿಸಿ, ಕಾದು, ಒಂದು ಮೆಟ್ಟಿಲು ಜೋರು ಮಾಡಿ, ಮತ್ತೆ ಕಾದಳು.